ಟ್ಯಾಂಕಿನ ಬಾಯಿ ಉಳಿಸಿದ್ದು: ಕ್ಯಾಂಪರ್ ವ್ಯಾನೊಂದರ ಡ್ರೇನ್ ವಾಲ್ವ್ ಪ್ರಕರಣ

ಶನಿವಾರ ಬೆಳಿಗ್ಗೆ ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಲೇಥ್ ಅಂಗಡಿಯ ಮುಂದೆ ಆ ವ್ಯಾನ್ ಬಂದು ನಿಂತಾಗ ಅದರ ಹೊಟ್ಟೆಯಡಿಯಿಂದ ಬೇವಿನ ಗೂಟವೊಂದು ಹೊರಚಾಚಿತ್ತು. ಗೂಟಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿತ್ತು. ಪಟ್ಟಿಯ ಅಂಚಿನಿಂದ ನೀರು ಹನಿಹನಿಯಾಗಿ ಬಿದ್ದು, ನಾವು ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಿಮೆಂಟ್ ನೆಲ ಅಂಗೈ ಅಗಲ ಒದ್ದೆಯಾಯಿತು. ಐಹೊಳೆಯಿಂದ ಬಾಗಲಕೋಟೆ, ಲೋಕಾಪುರ, ಯರಗಟ್ಟಿ ದಾಟಿ ಬೆಳಗಾವಿಯವರೆಗೆ ಆ ಗೂಟವೇ ನೀರಿನ ಟ್ಯಾಂಕಿಗೆ ಬಿರಡೆಯಾಗಿ ಬಂದಿತ್ತು.

ವ್ಯಾನು ಹಳೆಯ ಟೆಂಪೋ ಟ್ರಾವೆಲರ್. ಒಳಗಿನ ಸೀಟು ತೆಗೆಸಿ ಹಾಸಿಗೆ, ಒಲೆ, ಸಿಂಕು, ಚಿಕ್ಕ ಪಂಪು ಕೂಡಿಸಿ ಮನೆಯಂತೆ ಕಟ್ಟಿಸಿದ್ದರು. ನೆಲದಡಿಯಲ್ಲಿ, ಚಾಸಿಯ ಎರಡು ತೊಲೆಗಳ ನಡುವೆ, ಆ್ಯಂಗಲ್ ಚೌಕಟ್ಟಿನಲ್ಲಿ 90 ಲೀಟರಿನ, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನ ನೀಲಿ ಟ್ಯಾಂಕು. ಮಾಲೀಕರು ಬೈಲಹೊಂಗಲ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರು. ಅವರ ಪತ್ನಿಯೂ ಶಾಲೆಯಲ್ಲಿ ಕಲಿಸಿದವರು. ನಮ್ಮ ಕಡೆಯ ರೂಢಿಯಂತೆ ನಾವು ಅವರನ್ನು ಮಾಸ್ತರರು ಎಂದೂ ಅವರ ಪತ್ನಿಯನ್ನು ಅಕ್ಕನವರು ಎಂದೂ ಕರೆದೆವು. ಇಡೀ ಕೆಲಸ ಮುಗಿಯುವವರೆಗೆ ಅವರಿಬ್ಬರೂ ಒಂದು ಸ್ಟೂಲಿನ ಮೇಲೊಬ್ಬರಂತೆ ಕುಳಿತು ನೋಡಿದರು, ಪ್ರಶ್ನೆ ಕೇಳಿದರು. ಆ ಪ್ರಶ್ನೆಗಳಿಂದಲೇ ಈ ಕೆಲಸ ಸರಿಯಾಯಿತು ಎಂದು ನಾನು ನಂಬಿದ್ದೇನೆ.

ಟ್ಯಾಂಕಿನ ನೀರನ್ನು ಕೆಳಗಿನಿಂದ ಬರಿದು ಮಾಡುವ ಅರ್ಧ ಇಂಚಿನ ಒಂದು ಡ್ರೇನ್ ವಾಲ್ವ್ ಬದಲಿಸುವುದನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ವಾಲ್ವು ಅಗ್ಗದ್ದು, ಎಲ್ಲಿಯೂ ಸಿಗುತ್ತದೆ. ಆದರೆ ಅದನ್ನು ತಿರುಗಿಸಿ ಕೂಡಿಸುವ ಜಾಗ, ಅಂದರೆ ಟ್ಯಾಂಕಿನ ತಳದಲ್ಲಿ ಅಚ್ಚಿನಲ್ಲೇ ಮೂಡಿಬಂದಿರುವ ಥ್ರೆಡ್ಡಿನ (ಸ್ಕ್ರೂವಿನಂತಹ ಸುತ್ತುಗೆರೆಯ) ಬಾಯಿ ಒಡೆದರೆ ಟ್ಯಾಂಕೇ ಹೋಯಿತು. ಪಾಲಿಎಥಿಲೀನಿಗೆ ಸಾಮಾನ್ಯ ಅಂಟು ಯಾವುದೂ ನೆಚ್ಚುವಂತೆ ಹಿಡಿಯುವುದಿಲ್ಲ. ಎಪಾಕ್ಸಿ ಪುಟ್ಟಿ ಒಣಗಿದ ಮೇಲೆ ಉಗುರಿನಿಂದ ಎಬ್ಬಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಬಿಸಿಗಾಳಿಯಿಂದ ಬೆಸೆಯಬಹುದು, ಆದರೆ ಅದಕ್ಕೆ ಟ್ಯಾಂಕು ಇಳಿಸಬೇಕು. ಟ್ಯಾಂಕು ಇಳಿಸಲು ಚೌಕಟ್ಟು ಬಿಚ್ಚಬೇಕು. ಆದ್ದರಿಂದ ಆ ದಿನ ನನ್ನ ಎದುರಿಗಿದ್ದ ಕೆಲಸ ಹೊಸ ವಾಲ್ವ್ ಹಾಕುವುದಾಗಿರಲಿಲ್ಲ, ಬಾಯಿಯನ್ನು ಉಳಿಸಿಕೊಳ್ಳುವುದಾಗಿತ್ತು.

ಮುರಿದದ್ದು ಹೇಗೆ

ಮಾಸ್ತರರು ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿದರು. ಬಾದಾಮಿ, ಪಟ್ಟದಕಲ್ಲು ನೋಡಿಕೊಂಡು ಐಹೊಳೆಗೆ ಬಂದು ವ್ಯಾನ್ ನಿಲ್ಲಿಸಿದ್ದರು. ಟ್ಯಾಂಕಿನ ನೀರು ಮುಗ್ಗಲು ವಾಸನೆ ಬರುತ್ತಿದೆ ಎಂದು ಅಕ್ಕನವರು ಹೇಳಿದರು. ಹಳೆಯ ನೀರು ಬಿಟ್ಟು ಹೊಸದು ತುಂಬೋಣವೆಂದು ಮಾಸ್ತರರು ವ್ಯಾನಿನಡಿಗೆ ಹೋಗಿ ವಾಲ್ವ್ ತಿರುಗಿಸಿದರೆ ಅದು ಅಲುಗಲಿಲ್ಲ. ವ್ಯಾನು ಕಟ್ಟಿ 14 ತಿಂಗಳಾಗಿದ್ದರೂ ಅದನ್ನು ಒಮ್ಮೆಯೂ ತೆರೆದಿರಲಿಲ್ಲ. ಹಿಡಿಕೆಗೆ ಒಂದು ಅಡಿ ಉದ್ದದ ಪೈಪಿನ ತುಂಡು ಸಿಕ್ಕಿಸಿ ಜಗ್ಗಿದರು. ಟಕ್ ಎಂದು ಸದ್ದಾಯಿತು. ವಾಲ್ವು ಕೈಯಲ್ಲೇ ಬಂತು, ನೀರು ಮುಖದ ಮೇಲೆ. ಊರಿನ ಹುಡುಗನೊಬ್ಬ ಬೇವಿನ ಟೊಂಗೆ ಕೆತ್ತಿ, ಟ್ಯೂಬು ಸುತ್ತಿ, ಕಲ್ಲಿನಿಂದ ಬಡಿದು ಕೂಡಿಸಿಕೊಟ್ಟ. ಅದಾದ ಮೇಲೆ ದಾರಿಗೆಂದು ನಾಲ್ಕು ಕೊಡ ನೀರು ಹಾಕಿಕೊಂಡು ಹೊರಟಿದ್ದರು.

"ನಾನು ಅವಸರ ಮಾಡಿದೆ ತಮ್ಮಾ, ತಪ್ಪು ನನ್ನದು," ಎಂದು ಮುರಿದ ವಾಲ್ವನ್ನು ಕೈಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಅದನ್ನು ಎಸೆಯದೆ ತಂದದ್ದು ಎಷ್ಟು ಒಳ್ಳೆಯದಾಯಿತು! ಯಾವುದೇ ಮುರಿದ ಭಾಗ ತನ್ನ ಕಥೆಯನ್ನು ಮುರಿದ ಮುಖದಲ್ಲಿಯೇ ಬರೆದುಕೊಂಡಿರುತ್ತದೆ. ಎರಕದ ಕೆಲಸದವರು ಇದನ್ನು ದಿನವೂ ನೋಡುತ್ತಾರೆ.

ಮುರಿದದ್ದು ವಾಲ್ವಿನ ಮೈಯಲ್ಲ. ವಾಲ್ವನ್ನೂ ಟ್ಯಾಂಕನ್ನೂ ಕೂಡಿಸುವ ನಾಲ್ಕು ಇಂಚಿನ ಬಿಳಿ ಯುಪಿವಿಸಿ ನಿಪ್ಪಲ್, ಅಂದರೆ ಎರಡೂ ತುದಿಗೆ ಥ್ರೆಡ್ ಇರುವ ಗಟ್ಟಿ ಪ್ಲಾಸ್ಟಿಕ್ಕಿನ ಗಿಡ್ಡ ಪೈಪು. ಟ್ಯಾಂಕಿನಿಂದ ಹೊರಬರುವ ಮೊದಲ ಥ್ರೆಡ್ಡಿನ ಬುಡದಲ್ಲಿ ತುಂಡಾಗಿತ್ತು. ಮುರಿದ ಮುಖವನ್ನು ಬೆಳಕಿಗೆ ಹಿಡಿದಾಗ ಅದರಲ್ಲಿ ಎರಡು ಬಣ್ಣ ಕಂಡವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಹಾಲಿನಂತೆ ಬಿಳಿ, ಹೊಸದು. ಉಳಿದದ್ದು ಅರ್ಧಚಂದ್ರಾಕಾರದಲ್ಲಿ ಮಾಸಲು ಕಂದು. ಅದರ ಮೇಲೆ ಸುಣ್ಣದ ತೆಳು ಪೊರೆ ಕುಳಿತಿತ್ತು. ಸುಣ್ಣ ಕೂಡಬೇಕಾದರೆ ಅಲ್ಲಿ ತಿಂಗಳುಗಟ್ಟಲೆ ನೀರು ಜಿನುಗಿರಬೇಕು. ಅಂದರೆ ಮಾಸ್ತರರು ಕೈ ಹಾಕುವುದಕ್ಕೆ ಬಹಳ ಮೊದಲೇ ನಿಪ್ಪಲ್ ಸುಮಾರು ಅರ್ಧದಷ್ಟು ಸೀಳಿತ್ತು. ಅವರ ಪೈಪಿನ ತುಂಡು ಉಳಿದರ್ಧವನ್ನು ಮುಗಿಸಿತು, ಅಷ್ಟೇ. ಅದನ್ನು ತೋರಿಸಿ ಹೇಳಿದಾಗ ಅವರು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು.

ಮೊದಲಿನ ಸೀಳಿಗೆ ಕಾರಣ ತೂಗುವಿಕೆ. ನಾಲ್ಕು ಇಂಚಿನ ಕಡ್ಡಿಯ ತುದಿಗೆ ವಾಲ್ವು ಜೋತುಬಿದ್ದಿತ್ತು, ಅದಕ್ಕೆ ಎಲ್ಲಿಯೂ ಆಧಾರವಿರಲಿಲ್ಲ. ವ್ಯಾನು ಓಡುವಾಗ ಅದು ಗಂಟೆಯ ನಾಲಗೆಯಂತೆ ಅಲ್ಲಾಡುತ್ತದೆ, ಎಲ್ಲ ಭಾರ ಥ್ರೆಡ್ಡಿನ ಬುಡಕ್ಕೆ ಬೀಳುತ್ತದೆ. ಪೈಪು ಸಾಮಾನ್ಯವಾಗಿ ಅಲ್ಲಿಯೇ ಮುರಿಯುತ್ತದೆ; ಥ್ರೆಡ್ ಕೊರೆದಾಗ ಅಲ್ಲಿ ದಪ್ಪ ಕಡಿಮೆಯಾಗಿರುತ್ತದೆ, ಗೀರೂ ಬಿದ್ದಿರುತ್ತದೆ. ನೀರಿನ ಒತ್ತಡಕ್ಕೂ ಇದಕ್ಕೂ ಸಂಬಂಧವಿಲ್ಲ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಈ ಟ್ಯಾಂಕಿನ ಎತ್ತರ 30 ಸೆಂಟಿಮೀಟರ್, ಎಂದರೆ ಅದರ ನೂರರಲ್ಲಿ ಮೂರು ಪಾಲು. ಮನೆಯ ಮಾಳಿಗೆಯ ಟ್ಯಾಂಕಿಗೆ ಹಾಕುವ ಲೆಕ್ಕವನ್ನೇ ವ್ಯಾನಿಗೂ ಹಾಕಿದರೆ ಎಡವುತ್ತೇವೆ. ಮನೆ ಅಲುಗುವುದಿಲ್ಲ, ವ್ಯಾನು ಅಲುಗುತ್ತದೆ. ಇದನ್ನು ಕಟ್ಟಿದವರು ಮನೆಯ ಕೆಲಸದ ರೂಢಿಯಲ್ಲಿ ಕಟ್ಟಿದ್ದರು.

ವಾಲ್ವು ಬಿಗಿದುಕೊಂಡದ್ದಕ್ಕೆ ನೀರೇ ಕಾರಣ. ಪ್ರವಾಸದ ದಾರಿಯಲ್ಲಿ ಅವರು ಕಲಾದಗಿಯ ದಾಳಿಂಬೆ ತೋಟವೊಂದರಲ್ಲಿ, ಲೋಕಾಪುರದ ಹತ್ತಿರ, ಇನ್ನೆರಡು ಕಡೆ ಬೋರಿನ ನೀರು ತುಂಬಿದ್ದರು. ಆ ಸೀಮೆಯ ನೆಲದಡಿ ಸುಣ್ಣದ ಕಲ್ಲು ಹಾಸಿದೆ. ಬಾಗಲಕೋಟೆ, ಲೋಕಾಪುರ, ಮುಧೋಳದ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಅದಕ್ಕಾಗಿ. ಆ ಕಲ್ಲಿನ ನಡುವೆ ಹರಿದು ಬರುವ ನೀರು ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಗಡಸುತನಕ್ಕೆ (ನೀರಿನಲ್ಲಿ ಕರಗಿದ ಸುಣ್ಣದಂತಹ ಲವಣಗಳಿಗೆ) ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ ಎನ್ನುತ್ತದೆ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ. ಬಿಸಿಲಿಗೆ ನಿಂತ ವ್ಯಾನಿನ ಟ್ಯಾಂಕು ಕಾದಾಗ ಕರಗಿದ ಸುಣ್ಣ ಮತ್ತೆ ಗಟ್ಟಿಯಾಗಿ ಕೂಡುತ್ತದೆ, ನೀರು ಹರಿಯದ ಮೂಲೆಯಲ್ಲಿ ಇನ್ನೂ ಹೆಚ್ಚು. ಡ್ರೇನ್ ವಾಲ್ವಿನ ಮೇಲಿನ ತುಂಡು ಪೈಪಿಗಿಂತ ನಿಶ್ಚಲವಾದ ಮೂಲೆ ಇಡೀ ವ್ಯಾನಿನಲ್ಲಿ ಇನ್ನೊಂದಿಲ್ಲ. ವಾಲ್ವನ್ನು ಉದ್ದಕ್ಕೆ ಸೀಳಿ ನೋಡಿದೆವು: ಒಳಗೆ ನೀರನ್ನು ತಡೆಯುವ ಚೆಂಡಿನ ಸುತ್ತ ಹಲ್ಲಿನ ಕಿಟ್ಟದಂತಹ ಪದರ, ಮೇಲುಭಾಗದಲ್ಲಿ ಕಾಳುಕಾಳಾಗಿ ನಿಂತ ಮರಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಬಿಗಿದ ವಾಲ್ವಿಗೆ ಉದ್ದ ಪೈಪು ಸಿಕ್ಕಿಸುವ ಬದಲು, ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ತುಂಬಿ, ವಾಲ್ವಿನ ಕೆಳತುದಿ ಅದರಲ್ಲಿ ಮುಳುಗುವಂತೆ ಒಂದು ರಾತ್ರಿ ಕಟ್ಟಿಟ್ಟರೆ ಕೆಲವೊಮ್ಮೆ ಬಿಡುತ್ತದೆ. ತಿರುಗಿಸುವಾಗಲೂ ಒಂದು ಪಾನಾ ವಾಲ್ವಿನ ಮೈಯನ್ನು ಹಿಡಿದಿರಬೇಕು, ಇನ್ನೊಂದು ಕೈ ಹಿಡಿಕೆಯನ್ನು ತಿರುಗಿಸಬೇಕು. ಆಗ ಬಲ ಟ್ಯಾಂಕಿನವರೆಗೆ ಹೋಗುವುದಿಲ್ಲ.

ಒಳಗುಳಿದ ತುಂಡು

ವ್ಯಾನನ್ನು ಪಕ್ಕದ ಸರ್ವೀಸ್ ಸ್ಟೇಷನ್ನಿನ ಗುಂಡಿಯ ಮೇಲೆ ನಿಲ್ಲಿಸಿದೆವು. ಜಾಕಿನ ಮೇಲೆ ಎತ್ತಿ ಅಡಿಗೆ ನುಸುಳುವ ಕೆಲಸವನ್ನು ನಾನು ಯಾರಿಗೂ ಮಾಡಲು ಬಿಡುವುದಿಲ್ಲ.

ಮೊದಲ ಚಿಂತೆ ಬೇವಿನ ಗೂಟ. ಆ ಹುಡುಗ ಮಾಡಿದ್ದು ಉಪಕಾರ, ಅದಿಲ್ಲದಿದ್ದರೆ ಅವರು ದಾರಿಯಲ್ಲಿ ನೀರಿಲ್ಲದೆ ಬರಬೇಕಿತ್ತು. ಆದರೆ ಮರ ನೀರು ಕುಡಿದರೆ ಉಬ್ಬುತ್ತದೆ. ಒಂದು ದಿನವಿಡೀ ಒಳಗಿಂದ ಒತ್ತಿದ ಗೂಟ ಟ್ಯಾಂಕಿನ ಬಾಯಿಯನ್ನು ಬಿರಿಯುವಂತೆ ಮಾಡಿರಬಹುದು. ಜಗ್ಗಿ ಕಿತ್ತರೆ ಇನ್ನೂ ಅಪಾಯ. ನಡುವೆ 6 ಮಿಲಿಮೀಟರ್ ಡ್ರಿಲ್ಲಿನಿಂದ ಕೊರೆದು, ಮರದ ಎಳೆಗಳನ್ನು ಒಳಮುಖವಾಗಿ ಸೀಳಿ, ಚೂರುಚೂರಾಗಿ ತೆಗೆದೆವು. ಟ್ಯಾಂಕಿನಲ್ಲಿ ಉಳಿದಿದ್ದ ನೀರು ಬಕೆಟ್ಟಿಗೆ ಇಳಿಯಿತು.

ಈಗ ಬಾಯಿಯೊಳಗೆ ಮುರಿದ ನಿಪ್ಪಲ್ಲಿನ ಬಿಳಿ ಬಳೆ ಕಾಣಿಸಿತು. ಇದನ್ನು ತೆಗೆಯಲು ಹಲವರು ಕಾದ ಕಬ್ಬಿಣದ ಪಟ್ಟಿ ಒತ್ತಿ, ಪ್ಲಾಸ್ಟಿಕ್ ಕರಗಿ ಹಿಡಿದ ಮೇಲೆ ತಿರುಗಿಸುತ್ತಾರೆ. ಹಿತ್ತಾಳೆಯ ಸಾಕೆಟ್ಟಿನಲ್ಲಾದರೆ ನಾನೂ ಹಾಗೆಯೇ ಮಾಡುತ್ತಿದ್ದೆ. ಇಲ್ಲಿ ಬಳೆಯ ಹೊರಗೆ ಇರುವುದೂ ಪ್ಲಾಸ್ಟಿಕ್ಕೇ, ಅದೂ ಶಾಖಕ್ಕೆ ಬೇಗ ಸೋಲುವಂಥದ್ದು. ಆದ್ದರಿಂದ ಗರಗಸದ ದಾರಿ ಹಿಡಿದೆವು.

ಹ್ಯಾಕ್ಸಾ ಬ್ಲೇಡನ್ನು ಅರ್ಧಕ್ಕೆ ಮುರಿದು, ಹಿಡಿಯುವ ತುದಿಗೆ ಬಟ್ಟೆ ಸುತ್ತಿ, ಹಲ್ಲುಗಳು ನಮ್ಮ ಕಡೆ ಜಗ್ಗುವಂತೆ ಹಿಡಿದು ಬಳೆಯ ಒಳಮೈಯನ್ನು ಉದ್ದಕ್ಕೆ ಕೊಯ್ಯತೊಡಗಿದೆ. ಕೆಳಗಿನಿಂದ ಕೆಲಸ ಮಾಡುವುದರಿಂದ ಪುಡಿಯೆಲ್ಲ ಹೊರಗೇ ಬೀಳುತ್ತದೆ, ಅದೊಂದು ಅನುಕೂಲ. ಬೀಳುವ ಪುಡಿಯನ್ನು ನೋಡುತ್ತಿರಲು ನಮ್ಮ ಅಂಗಡಿಯ ಹುಡುಗನಿಗೆ ಹೇಳಿದೆ. ಬಳೆ ಬಿಳಿ, ಟ್ಯಾಂಕು ನೀಲಿ. ಬಿಳಿ ಪುಡಿ ಬೀಳುವವರೆಗೆ ನಾವು ನಿಪ್ಪಲ್ಲಿನಲ್ಲಿದ್ದೇವೆ. ನೀಲಿ ಕಂಡ ಕ್ಷಣ ಟ್ಯಾಂಕಿನ ಥ್ರೆಡ್ ಮುಟ್ಟಿದ್ದೇವೆ. ಹತ್ತು ಹದಿನೈದು ಎಳೆತಕ್ಕೊಮ್ಮೆ ನಿಲ್ಲಿಸಿ ಅಂಗೈ ಮೇಲಿನ ಪುಡಿ ನೋಡಿದೆವು. ಮೂರನೆಯ ಬಾರಿ ನಿಲ್ಲಿಸಿದಾಗ ಬಿಳಿಯ ನಡುವೆ ಸೂಜಿಮೊನೆಯಷ್ಟು ನೀಲಿ ಕಣ ಮಿಂಚಿತು. ಅಲ್ಲಿಗೆ ಕೈ ತೆಗೆದೆ. ಒಂದು ಬೆರಳಗಲ ಬಿಟ್ಟು ಇನ್ನೊಂದು ಸೀಳು ಕೊಯ್ದು, ನಡುವಿನ ಪಟ್ಟಿಯನ್ನು ಸಣ್ಣ ಉಳಿಯಿಂದ ಒಳಕ್ಕೆ ಮಡಚಿದೊಡನೆ ಬಿಗಿಯಾಗಿದ್ದ ಬಳೆ ತನ್ನಷ್ಟಕ್ಕೆ ಸಡಿಲವಾಯಿತು. ಇಕ್ಕಳದಲ್ಲಿ ಹಿಡಿದು ಎಡಕ್ಕೆ ತಿರುಗಿಸಿದರೆ ಮೂರು ಸುತ್ತಿಗೆ ಹೊರಬಂತು. ಇಷ್ಟಕ್ಕೆ ಐವತ್ತು ನಿಮಿಷ ಹಿಡಿಯಿತು. ನೀಲಿ ಥ್ರೆಡ್ಡಿನ ಎರಡು ಸುತ್ತಿನ ನೆತ್ತಿಯ ಮೇಲೆ ಕೂದಲೆಳೆಯಂತಹ ಗೀರು ಬಿದ್ದಿತ್ತು, ಉಳಿದೆಲ್ಲ ಹೊಸದರಂತಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ವಿನೆಗರಿನಲ್ಲಿ ಅದ್ದಿ ಸುಣ್ಣವನ್ನು ತಿಕ್ಕಿ ತೆಗೆದೆವು. ಥ್ರೆಡ್ ಕೊರೆಯುವ ಉಕ್ಕಿನ ಟ್ಯಾಪ್ ಹಾಕಲಿಲ್ಲ. ಮೆತ್ತನೆಯ ಪ್ಲಾಸ್ಟಿಕ್ಕಿನಲ್ಲಿ ಅದು ಸ್ವಚ್ಛ ಮಾಡುವುದಕ್ಕಿಂತ ಹೆಚ್ಚು ಕೊಯ್ಯುತ್ತದೆ.

ಬಾಯಿ ಬಿರಿದಿದೆಯೇ ಎಂಬುದು ಇನ್ನೂ ಗೊತ್ತಾಗಬೇಕಿತ್ತು. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಬಿರುಕು ಹುಡುಕುವ ಹಳೆಯ ವಿಧಾನವೊಂದಿದೆ: ಒಂದು ಬದಿಗೆ ಸುಣ್ಣ ಬಳಿದು, ಇನ್ನೊಂದು ಬದಿಗೆ ಸೀಮೆಎಣ್ಣೆ ಹಚ್ಚುವುದು. ಬಿರುಕಿದ್ದರೆ ಸುಣ್ಣದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಕುಡಿಯುವ ನೀರಿನ ಟ್ಯಾಂಕಿಗೆ ಸೀಮೆಎಣ್ಣೆ ಮುಟ್ಟಿಸುವಂತಿಲ್ಲ. "ನೀರಿನಿಂದಲೇ ನೋಡಿದರಾಗದೇ?" ಎಂದು ಕೇಳಿದ ಮಾಸ್ತರರು ಜೇಬಿನಿಂದ ಒಂದು ಸೀಮೆಸುಣ್ಣದ ತುಂಡು ತೆಗೆದರು. ನಿವೃತ್ತರಾದ ಮೇಲೂ ಅವರ ಜೇಬಿನಲ್ಲಿ ಅದಿರುತ್ತದೆಯಂತೆ. ಬಾಯಿಯ ಹೊರಸುತ್ತನ್ನು ಒರೆಸಿ ಒಣಗಿಸಿ, ಸೀಮೆಸುಣ್ಣ ತಿಕ್ಕಿ ಬಿಳಿ ಮಾಡಿದೆವು. ರಬ್ಬರ್ ಬಿರಡೆಯನ್ನು ಮೆಲ್ಲಗೆ ಕೂಡಿಸಿ ಒಳಗೆ 20 ಲೀಟರ್ ನೀರು ಹಾಕಿ ಅರ್ಧ ಗಂಟೆ ಕಾದೆವು. ಬಿಳಿ ಬಿಳಿಯಾಗಿಯೇ ಉಳಿಯಿತು. ಆ ಅರ್ಧ ಗಂಟೆ ಯಾರೂ ಹೆಚ್ಚು ಮಾತಾಡಲಿಲ್ಲ.

ಹದಿನಾಲ್ಕರ ಮೋಸ

ವಾಲ್ವ್ ಮುರಿದ ಸುದ್ದಿ ಕೇಳಿ ಅವರ ಮಗ ಬೆಂಗಳೂರಿನಿಂದ ಕ್ಯಾಂಪರ್ ವ್ಯಾನಿನದೇ ಡ್ರೇನ್ ವಾಲ್ವ್ ತರಿಸಿ ಕಳುಹಿಸಿದ್ದರು. ಪಾರ್ಸೆಲ್ ಆಗಲೇ ಬಂದಿತ್ತು. ಅಮೆರಿಕದ ವಾಹನಗಳಿಗೆ ಮಾಡಿದ್ದು, ಚೆಂದದ ವಸ್ತು. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಟ್ಯಾಂಕು, ಪೈಪು ಒಡೆಯದಿರಲೆಂದು ಪೂರ್ತಿ ಬರಿದು ಮಾಡುವ ಪದ್ಧತಿಯಿದೆ, ಅದಕ್ಕೆ ಈ ವಾಲ್ವು ಬೇಕೇ ಬೇಕು. ನಮ್ಮಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ನಿಂತ ನೀರು ಕೊಳೆಯುವ ಭಯವಿದೆ.

ನಮ್ಮ ಹುಡುಗ ಅದಕ್ಕೆ ಟೇಪ್ ಸುತ್ತಿ ಬಾಯಿಗೆ ಕೊಟ್ಟು ತಿರುಗಿಸಿದ. ಮೂರು ಸುತ್ತು ಬೆಣ್ಣೆಯಂತೆ ಹೋಯಿತು, ನಾಲ್ಕನೆಯದಕ್ಕೆ ಬಿಗಿಯಾಯಿತು. ಪಾನಾ ಕೈಗೆತ್ತಿಕೊಂಡವನನ್ನು ತಡೆದೆ. ಹೊರಗೆ ಇನ್ನೂ ಅಷ್ಟು ಥ್ರೆಡ್ ಉಳಿದಿರುವಾಗ ಹಾಗೆ ಒಮ್ಮೆಗೇ ಬಿಗಿಯಾಗಬಾರದು.

ಬಿಚ್ಚಿ, ಥ್ರೆಡ್ಡಿನ ಹಲ್ಲುಗಳನ್ನು ಅಳೆಯುವ ಥ್ರೆಡ್ ಗೇಜ್ ಇಟ್ಟು ನೋಡಿದೆ. ಇಂಚಿಗೆ 14 ಥ್ರೆಡ್. ನಮ್ಮ ಟ್ಯಾಂಕಿನದೂ 14. ಇಲ್ಲಿಯೇ ಎಲ್ಲರೂ ಮೋಸಹೋಗುವುದು. ನಮ್ಮ ದೇಶದ ನಲ್ಲಿ, ಪೈಪುಗಳಲ್ಲಿ ನಡೆಯುವುದು ಬ್ರಿಟಿಷ್ ಪದ್ಧತಿಯ ಬಿಎಸ್‌ಪಿ ಥ್ರೆಡ್, ಅಮೆರಿಕದ್ದು ಎನ್‌ಪಿಟಿ. ಅರ್ಧ ಇಂಚಿನಲ್ಲೂ ಮುಕ್ಕಾಲು ಇಂಚಿನಲ್ಲೂ ಎರಡಕ್ಕೂ ಇಂಚಿಗೆ 14 ಥ್ರೆಡ್ಡೇ. ಆದರೆ ಬಿಎಸ್‌ಪಿ ಥ್ರೆಡ್ಡಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಅರ್ಧ ಇಂಚಿನ ಬಿಎಸ್‌ಪಿಯ ಹೊರವ್ಯಾಸ 20.95 ಮಿಲಿಮೀಟರ್, ಎನ್‌ಪಿಟಿ ಕೊರೆಯುವ ಪೈಪಿನದು 21.3, ಅದೂ ತುದಿಯ ಕಡೆ ಹದಿನಾರಕ್ಕೆ ಒಂದರಂತೆ ಸಪುರವಾಗುತ್ತ ಹೋಗುತ್ತದೆ. ಆದ್ದರಿಂದ ಒಂದು ಇನ್ನೊಂದರಲ್ಲಿ ಮೂರು ನಾಲ್ಕು ಸುತ್ತು ಸಲೀಸಾಗಿ ಹೋಗುತ್ತದೆ, ಸರಿಯಾಗಿದೆ ಎಂಬ ನಂಬಿಕೆ ಹುಟ್ಟಿಸುತ್ತದೆ. ಆಮೇಲೆ ಪಾನಾ ಹಾಕಿ ಬಿಗಿದರೆ ಬೆಣೆ ಹೊಡೆದಂತೆ ಬಾಯಿಯನ್ನು ಅಗಲಿಸಿ ಒಡೆಯುತ್ತದೆ. ಬಿಗಿಯದೆ ಬಿಟ್ಟರೆ ಎಷ್ಟು ಟೇಪ್ ಸುತ್ತಿದರೂ ಜಿನುಗುತ್ತದೆ. ಮೂರು ಎಂಟಾಂಶ ಇಂಚಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಒಂದು 19, ಇನ್ನೊಂದು 18. ಆರಂಭದಲ್ಲೇ ಕಚ್ಚಿಕೊಂಡು ಎಚ್ಚರಿಸುತ್ತವೆ.

ಮಗ ಪ್ರೀತಿಯಿಂದ ಕಳುಹಿಸಿದ್ದನ್ನು ಹಾಕಲಾಗದು ಎಂದು ಹೇಳುವುದು ನನಗೆ ಕಷ್ಟವಾಯಿತು. ಮಾಸ್ತರರು ಗೇಜನ್ನು ಕೈಯಲ್ಲಿ ಹಿಡಿದು, ಎರಡೂ ಥ್ರೆಡ್ಡಿನ ಮೇಲಿಟ್ಟು, ಸಂದಿನಿಂದ ತೂರಿ ಬರುವ ಬೆಳಕನ್ನು ತಾವೇ ನೋಡಿದ ಮೇಲೆ ಮಗನಿಗೆ ಫೋನ್ ಮಾಡಿ ಸಮಾಧಾನವಾಗಿ ವಿವರಿಸಿದರು. ಹತ್ತನೆಯ ತರಗತಿಗೆ ಪಾಠ ಹೇಳಿದ ಹಾಗೆಯೇ ಇತ್ತು.

ಏನು ಹಾಕಿದೆವು

ಅಂಗಡಿಗೆ ಬಂದವರೆಲ್ಲ ಒಂದೇ ಸಲಹೆ ಕೊಟ್ಟರು: ಗಟ್ಟಿ ಹಿತ್ತಾಳೆಯ ನಿಪ್ಪಲ್, ಹಿತ್ತಾಳೆಯ ವಾಲ್ವ್, ಜನ್ಮಕ್ಕೆ ಮುರಿಯುವುದಿಲ್ಲ. ನಿಜ, ಅದು ಮುರಿಯುವುದಿಲ್ಲ. ಆದರೆ ದಾರಿಯ ಕಲ್ಲೊಂದು ಬಡಿದರೆ, ವಾಲ್ವು ಮತ್ತೆ ಬಿಗಿದು ಯಾರಾದರೂ ಜಗ್ಗಿದರೆ, ಆ ಪೆಟ್ಟು ಎಲ್ಲಿಗೆ ಹೋಗಬೇಕು? ಹಿತ್ತಾಳೆ ಸೋಲದಿದ್ದರೆ ಸೋಲುವುದು ನೀಲಿ ಬಾಯಿ. ಹಳೆಯ ಪ್ಲಾಸ್ಟಿಕ್ ನಿಪ್ಪಲ್ ತಾನು ಮುರಿದು ಟ್ಯಾಂಕನ್ನು ಉಳಿಸಿತ್ತು. ಹಿತ್ತಾಳೆಯಿದ್ದಿದ್ದರೆ ಆ ದಿನ ಐಹೊಳೆಯಲ್ಲಿ ಬಾಯಿ ಸಮೇತ ಕಿತ್ತು ಬರುತ್ತಿತ್ತು. ಈ ಮಾತನ್ನು ನಾನು ಗಟ್ಟಿಯಾಗಿ ಹೇಳಿದೆ, ಈಗಲೂ ಹೇಳುತ್ತೇನೆ.

ನಾವು ವಾಲ್ವನ್ನು ಟ್ಯಾಂಕಿನಿಂದಲೇ ಬೇರೆ ಮಾಡಿದೆವು. ಬಾಯಿಗೆ ಬಿಎಸ್‌ಪಿ ಥ್ರೆಡ್ಡಿನ ಗಿಡ್ಡ ಪಾಲಿಪ್ರೊಪಿಲೀನ್ (ಇದೂ ಪ್ಲಾಸ್ಟಿಕ್ಕೇ) ಹೋಸ್ ನಿಪ್ಪಲ್. ಅದರಿಂದ ಕುಡಿಯುವ ನೀರಿಗೆ ಯೋಗ್ಯವಾದ, ಒಳಗೆ ನೂಲಿನ ಹೆಣಿಗೆಯಿರುವ ಮೆತ್ತನೆಯ ಹೋಸು, 35 ಸೆಂಟಿಮೀಟರ್, ಎರಡೂ ತುದಿಗೆ ಸ್ಟೀಲ್ ಕ್ಲಿಪ್ಪು. ಹೋಸಿನ ಆಚೆ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವ್. ಅದು 40 ಮಿಲಿಮೀಟರ್ ಆ್ಯಂಗಲಿನಿಂದ ಮಾಡಿದ ಬ್ರಾಕೆಟ್ಟಿನ ಮೇಲೆ, ಟ್ಯಾಂಕಿನ ಚೌಕಟ್ಟಿನ ಅಡ್ಡಪಟ್ಟಿಗೆ ಬೋಲ್ಟಾಗಿ ಕುಳಿತಿತು. ಚಾಸಿಯ ತೊಲೆಗೆ ತೂತು ಕೊರೆಯಲಿಲ್ಲ. ಅದು ಗಾಡಿಯ ಬೆನ್ನೆಲುಬು, ಸಿಕ್ಕಲ್ಲಿ ಕೊರೆಯಬಾರದು. ಅಡ್ಡಪಟ್ಟಿಯಲ್ಲಿ ಮೊದಲೇ ಇದ್ದ ಎರಡು ತೂತುಗಳು ಸಾಕಾದವು. ವಾಲ್ವಿನ ಕೆಳತುದಿ ಪಟ್ಟಿಯ ಕೆಳ ಅಂಚಿಗಿಂತ ಎರಡು ಬೆರಳು ಮೇಲಿರುವಂತೆ ನೋಡಿಕೊಂಡೆವು, ಕಲ್ಲು ತಾಗಿದರೆ ಮೊದಲು ಪಟ್ಟಿಗೆ ತಾಗಲಿ ಎಂದು. ಈಗ ವಾಲ್ವನ್ನು ಯಾರು ಎಷ್ಟೇ ಜಗ್ಗಿದರೂ ಆ ಬಲವನ್ನು ಕಬ್ಬಿಣ ಹೊರುತ್ತದೆ. ಬಾಯಿಗೆ ಹೋಸಿನ ತೂಕ ಮಾತ್ರ.

ಹೋಸು ಟ್ಯಾಂಕಿನಿಂದ ವಾಲ್ವಿನವರೆಗೆ ಎಲ್ಲಿಯೂ ಮೇಲೇಳದೆ ಇಳಿಯುತ್ತಲೇ ಹೋಗಬೇಕು. ಮೊದಲ ಸಲ ಕೂಡಿಸಿದಾಗ ನಡುವೆ ಸ್ವಲ್ಪ ಜೋತುಬಿದ್ದು ಮತ್ತೆ ಏರಿತ್ತು. ಆ ಜೋಲಿಯಲ್ಲಿ ಯಾವಾಗಲೂ ಸ್ವಲ್ಪ ನೀರು ನಿಲ್ಲುತ್ತದೆ, ಕೊಳೆಯುತ್ತದೆ. ಬ್ರಾಕೆಟ್ಟನ್ನು ಬಿಚ್ಚಿ ಇನ್ನಷ್ಟು ಕೆಳಗೆ ಹಾಕಲು ಜಾಗವಿರಲಿಲ್ಲ; ಹೋಸನ್ನೇ 31 ಸೆಂಟಿಮೀಟರಿಗೆ ಕತ್ತರಿಸಿದೆವು.

ಥ್ರೆಡ್ಡಿಗೆ ಏನು ಹಚ್ಚುವುದು ಎಂಬಲ್ಲಿ ಅಕ್ಕನವರು ಎದ್ದು ಬಂದರು. ಪ್ಲಂಬರನೊಬ್ಬ ಸಫೇದಾ ಎಂಬ ಬಿಳಿ ಲೇಪ ಹಚ್ಚಿ ಸೆಣಬಿನ ನೂಲು ಸುತ್ತಿದರೆ ಸಾಕು ಎಂದಿದ್ದ. "ಅದರಲ್ಲಿ ಸೀಸ ಇರುವುದಿಲ್ಲವೇ? ಈ ನೀರಿನಲ್ಲಿ ನಾನು ಅನ್ನಕ್ಕೆ ಇಡುತ್ತೇನೆ," ಎಂದರು. ಹಳೆಯ ಸಫೇದಾ ಸೀಸದ್ದೇ, ಅವರ ಮಾತಿಗೆ ಎದುರಾಡುವಂತಿರಲಿಲ್ಲ. ಬರಿಯ ಟೆಫ್ಲಾನ್ ಟೇಪ್, ನಿಪ್ಪಲ್ಲಿನ ತುದಿಯನ್ನು ನಮ್ಮ ಕಡೆ ಹಿಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಐದು ಸುತ್ತು. ತಿರುವು ಉಲ್ಟಾ ಆದರೆ ಬಿಗಿಯುವಾಗ ಟೇಪು ಬಿಚ್ಚಿಕೊಳ್ಳುತ್ತದೆ. ಕೈಯಿಂದ ಆದಷ್ಟು ಬಿಗಿದು, ಮೇಲೆ ಪಾನಾದಿಂದ ಒಂದೇ ಸುತ್ತು. ಪ್ಲಾಸ್ಟಿಕ್ಕಿನ ಬಾಯಿಗೆ ಅದಕ್ಕಿಂತ ಹೆಚ್ಚು ಬೇಡ.

ವಾಲ್ವಿನ ಹೊರತುದಿಗೆ ಸರಪಳಿ ಕಟ್ಟಿದ ಒಂದು ಮುಚ್ಚಳವನ್ನೂ ತಿರುಗಿಸಿದೆವು. ವ್ಯಾನು ವಾರಗಟ್ಟಲೆ ಮರದಡಿ ನಿಂತರೆ ಕಣಜಗಳು ಇಂತಹ ತೂತಿನಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುತ್ತವೆ. ವಾಲ್ವು ಜಿನುಗಿದರೂ ಮುಚ್ಚಳ ತಡೆಯುತ್ತದೆ.

ಮತ್ತೆ ಸೀಮೆಸುಣ್ಣ, ಮತ್ತೆ 20 ಲೀಟರ್, ಆಮೇಲೆ ಪೂರ್ತಿ 90 ಲೀಟರ್. ತುಂಬಿದ ಟ್ಯಾಂಕಿನೊಡನೆ ಖಾನಾಪುರ ರಸ್ತೆಯಲ್ಲಿ ಪಿರನವಾಡಿ ದಾಟಿ ಮಚ್ಛೆಯವರೆಗೆ ಹೋಗಿ, ಉದ್ಯಮಬಾಗದ ಒಳರಸ್ತೆಗಳ ಗುಂಡಿಗಳಲ್ಲಿ ಬೇಕೆಂದೇ ಓಡಿಸಿಕೊಂಡು ಬಂದೆವು. ಬಿಳಿ ಹಾಗೆಯೇ ಇತ್ತು. ವಾಲ್ವ್ ತೆರೆದು ಗಡಿಯಾರ ನೋಡಿದೆವು: ಟ್ಯಾಂಕು ಬರಿದಾಗಲು 22 ನಿಮಿಷ. ಹೋಸ್ ನಿಪ್ಪಲ್ಲಿನ ಒಳತೂತು ಕಿರಿದು, ಅದಕ್ಕೆ ಈ ಸಮಯ. ಇದು ನಾವು ತಿಳಿದೇ ಒಪ್ಪಿಕೊಂಡ ನಷ್ಟ. ಮುಕ್ಕಾಲು ಇಂಚಿನ ಬಾಯಿಯಿದ್ದಿದ್ದರೆ ಚೆನ್ನಾಗಿರುತ್ತಿತ್ತು. ಹೊಸ ವ್ಯಾನು ಕಟ್ಟಿಸುವವರು ಅದನ್ನೇ ಕೇಳಿ ಹಾಕಿಸಿಕೊಳ್ಳಲಿ.

ತೊಳೆಯುವುದು

ಬೇವಿನ ಗೂಟ, ಟ್ಯೂಬು, ನಮ್ಮ ಕೈ, ಇಷ್ಟೆಲ್ಲ ಮುಟ್ಟಿದ ಟ್ಯಾಂಕಿನ ನೀರನ್ನು ಹಾಗೆಯೇ ಕುಡಿಯುವಂತಿರಲಿಲ್ಲ. ಮೊದಲು ಸುಣ್ಣ ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಹತ್ತು ಲೀಟರ್ ಬಿಸಿನೀರಿನಲ್ಲಿ ಕರಗಿಸಿ ಹಾಕಿ, ವ್ಯಾನನ್ನು ಒಂದಿಷ್ಟು ಓಡಿಸಿ, ಬಿಟ್ಟು, ಎರಡು ಬಾರಿ ಸ್ವಚ್ಛ ನೀರಿನಿಂದ ಜಾಲಾಡಿಸಿದೆವು. ಈ ಜಾಲಾಡಿಸುವಿಕೆಯಲ್ಲಿ ಸೋಮಾರಿತನ ಮಾಡಲೇಬಾರದು. ಹುಳಿ ಉಳಿದಿರುವಾಗ ಬ್ಲೀಚಿಂಗ್ ಪುಡಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ.

ಆಮೇಲೆ ರೋಗಾಣು ಕೊಲ್ಲಲು ಹಾಕುವ ಬ್ಲೀಚಿಂಗ್ ಪುಡಿಯ ಲೆಕ್ಕವನ್ನು ಮಾಸ್ತರರು ನೆಲದ ಮೇಲೆ ಸೀಮೆಸುಣ್ಣದಿಂದಲೇ ಬರೆದರು. ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು. 90 ಲೀಟರಿಗೆ ನಾಲ್ಕೂವರೆ ಗ್ರಾಂ. ಪುಡಿಯಲ್ಲಿ ನೂರಕ್ಕೆ 30ರಷ್ಟು ಕ್ಲೋರಿನ್ ಎಂದು ಹಿಡಿದರೆ 15 ಗ್ರಾಂ ಪುಡಿ. ಅದನ್ನು ಬಕೆಟ್ಟಿನಲ್ಲಿ ಕಲಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ ಮೇಲಿನವರೆಗೆ ನೀರು ತುಂಬಿದೆವು. ಸಿಂಕಿನ ನಲ್ಲಿಯನ್ನು ಬ್ಲೀಚಿಂಗಿನ ವಾಸನೆ ಬರುವವರೆಗೆ ಬಿಟ್ಟು ನಿಲ್ಲಿಸಿದೆವು, ಪಂಪು ಮತ್ತು ಪೈಪಿಗೂ ಆ ನೀರು ತಲುಪಲಿ ಎಂದು. ನಾಲ್ಕು ಗಂಟೆ ಬಿಟ್ಟು, ಹೊಸ ವಾಲ್ವಿನಿಂದ ಬರಿದು ಮಾಡಿ, ವಾಸನೆ ಹೋಗುವವರೆಗೆ ನಗರದ ನಲ್ಲಿ ನೀರಿನಿಂದ ತೊಳೆದಾಗ ಸಂಜೆ ಕತ್ತಲಾಗಿತ್ತು. ಬೀಗರ ಮನೆ ಟಿಳಕವಾಡಿಯಲ್ಲೇ ಇದ್ದುದರಿಂದ ಅವರು ಆ ರಾತ್ರಿ ಅಲ್ಲಿ ತಂಗಿದರು.

ಏಳು ತಿಂಗಳ ಮೇಲೆ

ಜೂನ್ ತಿಂಗಳಲ್ಲಿ, ಮೊದಲ ಮಳೆ ಬಿದ್ದ ವಾರ, ವ್ಯಾನು ಮತ್ತೆ ಬಂತು. ತೊಂದರೆಯಿಂದಲ್ಲ, ತೋರಿಸಿಕೊಂಡು ಹೋಗಲು. ನಡುವೆ ಕೂಡಲಸಂಗಮ, ವಿಜಯಪುರ, ಸವದತ್ತಿ ಎಲ್ಲ ಸುತ್ತಿದ್ದರು. ಗುಂಡಿಯ ಮೇಲೆ ನಿಲ್ಲಿಸಿ ನೋಡಿದೆ. ಟ್ಯಾಂಕಿನ ಕಡೆಯ ಕ್ಲಿಪ್ಪು ಅರ್ಧ ಸುತ್ತು ಸಡಿಲವಾಗಿತ್ತು, ಹೊಸ ಹೋಸು ಕುಳಿತುಕೊಳ್ಳುವಾಗ ಹೀಗಾಗುತ್ತದೆ, ಬಿಗಿದೆ. ಮುಚ್ಚಳದ ಸರಪಳಿ ಎಲ್ಲಿಯೋ ಹರಿದು, ಮುಚ್ಚಳ ಹೋಗಿತ್ತು. ಬ್ರಾಕೆಟ್ಟಿನ ಮುಂದಿನ ಅಡ್ಡಪಟ್ಟಿಗೆ ಕಲ್ಲು ಬಡಿದ ಹೊಳೆಯುವ ಗುರುತು, ಹೆಬ್ಬೆರಳಷ್ಟು. ಅದರ ಹಿಂದೆ ವಾಲ್ವು ಇದ್ದಂತೆಯೇ ಇತ್ತು.

ಹಿಡಿಕೆಯನ್ನು ಎರಡು ಬೆರಳಿನಿಂದ ತಿರುಗಿಸಿದೆ. ತಿರುಗಿತು.

"ಇಷ್ಟು ಮೆತ್ತಗೆ ಹೇಗಿದೆ ಅಕ್ಕನವರೇ?" ಎಂದೆ. ಪ್ರತಿ ಅಮಾವಾಸ್ಯೆಗೆ ಅವರು ವ್ಯಾನು ತೊಳೆದು, ಮುಂದುಗಡೆ ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಎಲ್ಲ ಗಾಡಿಯವರೂ ಮಾಡುವುದೇ. ಅವರು ಅದಕ್ಕೆ ಒಂದನ್ನು ಸೇರಿಸಿಕೊಂಡಿದ್ದಾರೆ: ಕಾಯಿ ಒಡೆದ ಮೇಲೆ ಮಾಸ್ತರರು ಅಡಿಗೆ ಕೈಹಾಕಿ ವಾಲ್ವನ್ನು ಎರಡು ಸಲ ತೆರೆದು ಮುಚ್ಚಬೇಕು, ಒಂದು ತಂಬಿಗೆ ನೀರು ಹೊರಹೋಗಬೇಕು. ಆ ನೀರನ್ನು ಅಕ್ಕನವರು ಹಿಡಿದು ತುಳಸಿಗೆ ಹಾಕುತ್ತಾರೆ.

ಮುಚ್ಚಳವನ್ನು ಹೊಸದಾಗಿ ಕೂಡಿಸಿ, ಈ ಸಲ ಸರಪಳಿಯ ಬದಲು ಸ್ಟೀಲ್ ತಂತಿ ಕಟ್ಟಿಕೊಟ್ಟೆ.